ಕಾಲೇಜಿನ ಮೊದಲ ಮೂರು ತಿಂಗಳು

(ಮುನವಳ್ಳಿಯಲ್ಲಿ ಈ ವರ್ಷ ಕಾಲೇಜು ಸೇರಲಿರುವ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಗಳ ಮುಂದೆ ಮಾಡಿದ ಭಾಷಣ)



ಪಾಳಿ ಮುಗಿಸಿ, ಅಂಗಡಿ ಬಾಗಿಲು ಅರ್ಧ ಇಳಿಸಿ ಬಂದಿದ್ದೀರಿ. ಆದುದರಿಂದ ಹಾರತುರಾಯಿಗಳಲ್ಲಿ ವೇಳೆ ಕಳೆಯದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮೊದಲು ಈ ಕಡೆಯ ಹುಡುಗ ಬಿ.ಎ. ಆಗಬೇಕಾದರೆ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಿತ್ತು. ಬೆಳಗಾವಿಗೆ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ. ಆ ಹೆಸರು ನಮ್ಮ ತಾಲೂಕಿನ ಶಿರಸಂಗಿಯ ದೇಸಾಯಿಯವರದು. 1906ರಲ್ಲಿ ತೀರಿಕೊಂಡ ಲಿಂಗರಾಜರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ತಮ್ಮ ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದರು. ದೇಸಗತಿಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ನಿಮಗೆ ಗೊತ್ತಿದ್ದದ್ದೇ. ಆ ಆಸ್ತಿ ರೈತನ ಬೆವರು. ಆದರೂ ಅದು ಓದಾಗಿ ತಿರುಗಿ ಬಂದಿತೆಂಬುದನ್ನು ನಾವು ಅಲ್ಲಗಳೆಯುವದಿಲ್ಲ.

ಇಂಥ ಸಭೆಗಳಲ್ಲಿ ಡಿ. ಸಿ. ಪಾವಟೆಯವರ ಹೆಸರು ಹೇಳುವದು ರೂಢಿ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತ ಓದಿ, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು. "ನೀವೂ ಹಾಗಾಗಿರಿ" ಎಂದು ಹೇಳಿ ಕೆಳಗೆ ಕುಳಿತುಬಿಡುವದು ಸುಲಭ. ಆದರೆ ಮೊದಲ ವರ್ಷವೇ ಹಾಸಿಗೆ ಸುತ್ತಿಕೊಂಡು ಊರಿಗೆ ತಿರುಗಿದವರ ಮಾತನ್ನು ಯಾರೂ ಎತ್ತುವದಿಲ್ಲ. ಅವರು ದಡ್ಡರೇ? ಅಲ್ಲ. ಅವರು ಯಾತಕ್ಕೆ ತಿರುಗಿ ಬಂದರೆಂಬುದೇ ನಮ್ಮ ಇಂದಿನ ಮಾತು.

ಕಿರಾಣಿ ಅಂಗಡಿಯವರ ಮಗಳನ್ನೇ ತೆಗೆದುಕೊಳ್ಳಿರಿ. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಕೀರ್ದಿ ಬರೆದವಳು. ಯಾರ ಉದ್ದರಿ ಎಷ್ಟೆಂಬುದು ಅವಳಿಗೆ ಬಾಯಿಪಾಠ. ಬಿ.ಕಾಂ. ತರಗತಿಯಲ್ಲಿ ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಜರ್ನಲ್, ಲೆಜರ್, ಡೆಬಿಟ್, ಕ್ರೆಡಿಟ್ ಎಂದು ನಡೆದುಬಿಟ್ಟರೆ ಅದೇ ಹುಡುಗಿ ತನಗೇನೂ ತಿಳಿಯದೆಂದು ಹಿಂದಿನ ಬೆಂಚು ಸೇರುತ್ತಾಳೆ. ಲೆಜರ್ ಎಂದರೆ ತಾನು ದಿನಾಲೂ ತಿರುವಿ ಹಾಕುವ ಖತಾವಣಿಯೇ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ! ಕಾಲೇಜಿನ ಪಾಠ ಕನ್ನಡದಲ್ಲಿ ನಡೆಯಬೇಕೆಂಬ ನಮ್ಮ ಹೋರಾಟ ನಡೆದೇ ಇರುತ್ತದೆ. ಆದರೆ ಅದು ಗೆಲ್ಲುವ ವರೆಗೆ ನಿಮ್ಮ ಪರೀಕ್ಷೆ ಕಾಯುವದಿಲ್ಲ. ಇಂದೇ ಒಂದು ವಹಿ ಹಾಕಿರಿ. ಎಡಕ್ಕೆ ಅವರ ಶಬ್ದ, ಬಲಕ್ಕೆ ನಿಮ್ಮ ಮನೆಯ ಶಬ್ದ. ದಿನಕ್ಕೆ ಹತ್ತೇ ಸಾಕು. ತಿಳಿಯದ್ದನ್ನು ತರಗತಿಯಲ್ಲಿ ಕನ್ನಡದಲ್ಲೇ ಎದ್ದುನಿಂತು ಕೇಳಿರಿ. ನಗುವವರು ನಗಲಿ, ಅವರಲ್ಲಿ ಅರ್ಧ ಜನರಿಗೂ ಅದು ತಿಳಿದಿರುವದಿಲ್ಲ.

ಹಾಜರಿಯ ವಿಷಯದಲ್ಲಿ ಎಚ್ಚರವಿರಲಿ. ನೂರಕ್ಕೆ 75 ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವದಿಲ್ಲ.

ಇನ್ನು ಕಾಗದಪತ್ರ. ಬುದ್ಧಿಯಿದ್ದ ಹುಡುಗರು ಇಲ್ಲಿಯೇ ಮುಗ್ಗರಿಸುತ್ತಾರೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳು, ಆಧಾರ ಜೋಡಿಸಿದ ಬ್ಯಾಂಕ್ ಖಾತೆ, ಇವು ಕಾಲೇಜು ತೆರೆಯುವ ಮೊದಲೇ ಕೈಯಲ್ಲಿರಬೇಕು. ವಸತಿನಿಲಯದ ಅರ್ಜಿಗೂ ವಿದ್ಯಾರ್ಥಿವೇತನದ ಅರ್ಜಿಗೂ ಕೊನೆಯ ದಿನವೆಂಬುದಿದೆ. ಅದು ದಾಟಿದ ಮೇಲೆ ಯಾವ ವಶೀಲಿಯೂ ನಡೆಯುವದಿಲ್ಲ.

ಗಿರಣಿ ಕೆಲಸಗಾರರು ಇದನ್ನು ಗಮನವಿಟ್ಟು ಕೇಳಬೇಕು. ನಮ್ಮ ರಾಜ್ಯದಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆ 1965ರ ಕಾಯದೆಯಿದೆ. ಅದರಂತೆ ವರ್ಷಕ್ಕೊಮ್ಮೆ ನಿಮ್ಮ ಪಗಾರದಿಂದ ಒಂದಿಷ್ಟು ವಂತಿಗೆ ಮುರಿಯುತ್ತಾರೆ. ಮಾಲಕನೂ ತನ್ನ ಪಾಲು ಕೊಡಬೇಕು. ಆ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವುಂಟು. ಅದು ಯಾರ ದಾನವೂ ಅಲ್ಲ, ನಿಮ್ಮದೇ ದುಡ್ಡು. ಅರ್ಜಿಯ ಮೇಲೆ ಮಾಲಕನ ದೃಢೀಕರಣ ಬೇಕಾಗುತ್ತದೆ. ಕೇಳಲಿಕ್ಕೆ ಅಂಜಬೇಡಿರಿ. ಒಬ್ಬರೇ ಹೋಗಲಿಕ್ಕೆ ಅಂಜಿಕೆಯಾದರೆ ಐದು ಮಂದಿ ಕೂಡಿ ಹೋಗಿರಿ.

ತಂದೆತಾಯಿಗಳಿಗೂ ಒಂದು ಮಾತಿದೆ, ಸ್ವಲ್ಪ ಕಹಿಯಾದದ್ದು. ಬನದ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಜನ ನೆರೆದಾಗ ಅಂಗಡಿಗೆ ಇನ್ನೊಂದು ಕೈ ಬೇಕಾಗುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೂ ಬೇಕು. ಸೆಮಿಸ್ಟರಿನ ಪರೀಕ್ಷೆಯೂ ಎಷ್ಟೋ ಸಲ ಅದೇ ಸುಮಾರಿಗೆ ಬರುವದು. "ನಾಲ್ಕು ದಿನ ಬಂದು ಹೋಗಪ್ಪಾ" ಎಂದು ನೀವು ಫೋನು ಮಾಡುತ್ತೀರಿ, ನಾಲ್ಕು ಹದಿನೈದಾಗುತ್ತದೆ. ಹುಡುಗ ನಪಾಸಾದರೆ "ಇವನ ತಲೆಯಲ್ಲಿ ವಿದ್ಯೆ ಇಲ್ಲ" ಎನ್ನುವವರೂ ನೀವೇ! ಹೆಣ್ಣುಮಕ್ಕಳ ಸಂಗತಿ ಇನ್ನೂ ಬಿಗಿ. 2023ರ ಜೂನ್‌ದಲ್ಲಿ ಶಕ್ತಿ ಯೋಜನೆ ಬಂದು ಅವರ ಬಸ್ಸಿನ ಖರ್ಚು ತಪ್ಪಿತು. ಆದರೆ ಎರಡನೆಯ ವರ್ಷಕ್ಕೇ ವರ ನೋಡುವದು ತಪ್ಪಿಲ್ಲ. ಪದವಿಗೆ ಮೂರು ವರ್ಷ. ಆ ಮೂರು ವರ್ಷ ಅವಳ ಕೈಗೆ ಬಿಟ್ಟುಕೊಡಿರಿ.

ಬರುವ ರವಿವಾರ ಮುಂಜಾನೆ ಇದೇ ಜಾಗದಲ್ಲಿ ಅರ್ಜಿ ತುಂಬಲಿಕ್ಕೆ ನಾವು ಕೂಡುತ್ತೇವೆ. ಮಕ್ಕಳು ಅಂಕಪಟ್ಟಿ, ಆಧಾರ, ಬ್ಯಾಂಕ್ ಪುಸ್ತಕ ತರಬೇಕು. ಗಿರಣಿಯವರು ಪಗಾರದ ಚೀಟಿ ಮರೆಯಬಾರದು.