ಹೊಟ್ಟೆ ಕಿರಿದಾದ ಮೇಲೆ



ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಕಡೆಯ ನಮ್ಮ ಕನ್ನಡಿಗರ ದಿನಚರಿ ನಿಮಗೆ ಗೊತ್ತೇ ಇದೆ. ಬೆಳಗಿನ ಫಾಸ್ಟ್ ಲೋಕಲ್ ತಪ್ಪಬಾರದೆಂದು ನಿಂತಲ್ಲೇ ತಿಂಡಿ ನುಂಗುವುದು, ಸಂಜೆ ಸ್ಟೇಷನ್ ಹೊರಗೆ ವಡಾಪಾವ್, ಮನೆಯಲ್ಲಿ ಊಟಕ್ಕೆ ಕೂರುವಾಗ ರಾತ್ರಿ ಹತ್ತು. ವರ್ಷಗಟ್ಟಲೆ ಹೀಗೇ ನಡೆದು, ತೂಕದ ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಸೇರಿಕೊಂಡು, ಕೊನೆಗೆ ತೂಕ ಇಳಿಸಲು ಹೊಟ್ಟೆಯನ್ನು ಕಿರಿದಾಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇಲ್ಲಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಬದುಕು ಹೇಗಿರಬೇಕು ಎಂಬುದೇ ಇಂದಿನ ವಿಷಯ.

ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ‘ಸ್ಲೀವ್’ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಹಣ್ಣಿನಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲೇ. ‘ಬೈಪಾಸ್’ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ.

ಆಪರೇಷನ್ ಆದ ದಿನವೇ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಈ ಆತುರ. ಮೊದಲ ದಿನಗಳಲ್ಲಿ ನೀರು, ಎಳನೀರು, ಸೋಸಿದ ತಿಳಿಸಾರು ಮಾತ್ರ. ಅದನ್ನೂ ಲೋಟ ಎತ್ತಿ ಕುಡಿಯುವಂತಿಲ್ಲ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆಯ ಮುಚ್ಚಳ ಇದೆಯಲ್ಲ, ಅದರಲ್ಲಿ ತುಂಬಿಕೊಂಡು ಗುಟುಕು ಗುಟುಕಾಗಿ ಹೀರಬೇಕು. ಆಮೇಲೆ ಸುಮಾರು ಎರಡು ವಾರ ಮಜ್ಜಿಗೆ, ಹಾಲು, ತೆಳು ಬೇಳೆಕಟ್ಟು. ಬಳಿಕ ನುಣ್ಣಗೆ ಅರೆದದ್ದು, ಮೆತ್ತಗೆ ಬೆಂದದ್ದು. ಗಟ್ಟಿ ಊಟಕ್ಕೆ ಬರುವಾಗ ಒಂದೂವರೆ ಎರಡು ತಿಂಗಳಾಗುತ್ತದೆ. ದಿನಗಳ ಲೆಕ್ಕ ಒಬ್ಬೊಬ್ಬ ವೈದ್ಯರದು ಸ್ವಲ್ಪ ಬೇರೆ; ನಿಮ್ಮ ವೈದ್ಯರ ಚೀಟಿಯೇ ನಿಮಗೆ ಪ್ರಮಾಣ.

ನಮ್ಮ ಮನೆಗಳಲ್ಲಿ ಹುಷಾರಿಲ್ಲದವರಿಗೆ ಗಂಜಿ ಕೊಡುವುದು ರೂಢಿ. ಆದರೆ ಗಂಜಿಯಲ್ಲಿರುವುದು ಹೆಚ್ಚಾಗಿ ಪಿಷ್ಟ. ಈಗ ದೇಹಕ್ಕೆ ಬೇಕಾದದ್ದು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಹಾಗಾಗಿ ತಟ್ಟೆಯ ಕ್ರಮವೇ ಬದಲಾಗಬೇಕು: ಮೊದಲು ಪನೀರ್, ಮೊಸರು, ಹೆಸರುಬೇಳೆ, ಮೊಟ್ಟೆ ಅಥವಾ ಮೀನು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಸಾಲದೆ ಬಂದರೆ ವೈದ್ಯರು ಹೇಳಿದ ಪ್ರೋಟೀನ್ ಪುಡಿ.

ಎಲ್ಲಕ್ಕಿಂತ ಕಷ್ಟದ್ದು ನಿಧಾನ. ಸಣ್ಣ ತುತ್ತು, ಚೆನ್ನಾಗಿ ಅಗಿಯುವುದು, ಒಂದು ಚಿಕ್ಕ ಬಟ್ಟಲಿಗೆ 20 ನಿಮಿಷ. ಊಟದ ನಡುವೆ ನೀರಿಲ್ಲ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಕುಡಿಯಬೇಕು. ಗಾಡಿಯ ಟೈಮಿಗೆ ಊಟವನ್ನು ಹೊಂದಿಸುತ್ತಿದ್ದವರು ಇನ್ನು ಊಟದ ಹೊತ್ತು ನೋಡಿಕೊಂಡು ಗಾಡಿ ಹಿಡಿಯಬೇಕು. ಬೇಗ ಬೇಗ ನುಂಗಿದರೆ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿಯಾಗುತ್ತದೆ.

ಸಿಹಿಯ ವಿಷಯದಲ್ಲೂ ಎಚ್ಚರ ಬೇಕು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ಪ್ರಸಾದವೆಂದು ಕೈತುಂಬ ತಿಂದರೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ತಲೆಸುತ್ತು, ಹೊಟ್ಟೆನುಲಿತ ಬರಬಹುದು. ಸಕ್ಕರೆ ಒಮ್ಮೆಲೇ ಕರುಳಿಗಿಳಿಯುವುದೇ ಇದಕ್ಕೆ ಕಾರಣ. ಪ್ರಸಾದ ಒಂದು ಚಿಟಿಕೆ ಸಾಕು.

ವಿಟಮಿನ್ ಮಾತ್ರೆಗಳು ಸಾಮಾನ್ಯವಾಗಿ ಜೀವನಪೂರ್ತಿ: ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ. ಮೂರನೇ ತಿಂಗಳ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬಂದರೆ ಗಾಬರಿ ಬೇಡ. ಪೋಷಣೆ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು. ಬೀಡಿ, ಸಿಗರೇಟು, ಮದ್ಯ ದೂರವಿರಲಿ. ಮಗು ಬೇಕೆನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯುವುದು ಒಳ್ಳೆಯದು. ಸಕ್ಕರೆ ಮತ್ತು ಬಿ.ಪಿ. ಮಾತ್ರೆಗಳ ಪ್ರಮಾಣ ಬೇಗನೆ ತಗ್ಗಿಸಬೇಕಾಗಬಹುದು, ಆದರೆ ವೈದ್ಯರನ್ನು ಕೇಳಿಯೇ.

ಜ್ವರ, ವಿಪರೀತ ಎದೆಬಡಿತ, ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಉಸಿರಾಟಕ್ಕೆ ಕಷ್ಟ, ಕಾಲಿನ ಊತ – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ವ್ಯಾಯಾಮಕ್ಕೆ ನಡಿಗೆಯೇ ಮೊದಲ ಮೆಟ್ಟಿಲು. ಠಾಣೆಯವರಿಗೆ ತಲಾವ್ ಪಾಳಿಯ ದಂಡೆಯಿದೆ, ಕಲ್ಯಾಣದವರಿಗೆ ಕಾಳಾ ತಲಾವ್, ಖಾರ್ಘರ್‌ನವರಿಗೆ ಸೆಂಟ್ರಲ್ ಪಾರ್ಕ್. ಒಂದೂವರೆ ತಿಂಗಳು ಭಾರ ಎತ್ತಬೇಡಿ. ಆಮೇಲೆ ವೈದ್ಯರ ಒಪ್ಪಿಗೆ ಪಡೆದು ಸ್ನಾಯು ಗಟ್ಟಿಗೊಳಿಸುವ ಕಸರತ್ತು ಸೇರಿಸಿ.

ತೂಕ ಹೆಚ್ಚಾಗಿ ಇಳಿಯುವುದು ಮೊದಲ ಒಂದೂವರೆ ವರ್ಷದಲ್ಲಿ. ಬಳಿಕ ಹಳೆಯ ಚಾಳಿ ಮರಳಿದರೆ ತೂಕವೂ ಮರಳುತ್ತದೆ. ಪೋಷಕಾಂಶಗಳ ಕೊರತೆ ತಿಳಿಯಲು ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿ. ಊರಿಗೆ ಹೋದಾಗಲೂ ಮಾತ್ರೆಯ ಡಬ್ಬಿ ಜೊತೆಗಿರಲಿ.

ಕೊನೆಯದಾಗಿ ಮನೆಯವರಲ್ಲಿ, ನೆಂಟರಲ್ಲಿ ಒಂದು ವಿನಂತಿ. ‘ಸುಲಭದ ದಾರಿ ಹಿಡಿದ’ ಎಂದು ಹಂಗಿಸಬೇಡಿ. ಈ ದಾರಿ ಸುಲಭದ್ದಲ್ಲ. ‘ಇನ್ನೊಂದು ದೋಸೆ ಹಾಕಲಾ?’ ಎಂಬ ಒತ್ತಾಯವನ್ನೂ ಬಿಟ್ಟುಬಿಡಿ. ಅವರು ಸಾಕು ಎಂದರೆ ಸಾಕು.