ನಿಹಾಲಿ: ಬಳಗ ತಿಳಿಯದ ಭಾಷೆ

ಎರಡು ಭಾಷೆಗಳು ಒಂದೇ ಮೂಲದವು ಎನ್ನಲು ಕೆಲವು ಪದಗಳ ಹೋಲಿಕೆ ಸಾಲದು. ತಮಿಳಿನ ಪಾಲ್, ಪಲ್, ಪುಲಿಗಳಿಗೆ ಹೊಸಗನ್ನಡದಲ್ಲಿ ಹಾಲು, ಹಲ್ಲು, ಹುಲಿ ಎಂಬ ರೂಪಗಳಿರುವಂತೆ, ಧ್ವನಿಗಳ ವ್ಯತ್ಯಾಸವು ಪದದಿಂದ ಪದಕ್ಕೆ ಒಂದೇ ನಿಯಮವನ್ನು ಅನುಸರಿಸಬೇಕು. 1816ರಲ್ಲಿ ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು ವಾದಿಸಿದ ಮೇಲೆ, 1856ರಲ್ಲಿ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳ ನಂಟನ್ನು ವಿಸ್ತಾರವಾಗಿ ನಿರೂಪಿಸಿದನು. ಇಂಥ ಪರೀಕ್ಷೆಯ ಬಳಿಕವೂ ಯಾವ ಕುಟುಂಬಕ್ಕೂ ಸೇರದೆ ಉಳಿಯುವುದನ್ನು ಒಂಟಿ ಭಾಷೆ ಎನ್ನಬಹುದು. ಯುರೋಪಿನ ಬಾಸ್ಕ್, ಹುಂಝಾ ಕಣಿವೆಯ ಬುರುಶಾಸ್ಕಿ, ನೇಪಾಳದ ಕುಸುಂಡ ಇಂಥವು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಜಳಗಾಂವ್ ಜಾಮೋದ್ ಸುತ್ತಿನ ಕೆಲವು ಹಳ್ಳಿಗಳಲ್ಲಿ ಉಳಿದಿರುವ ನಿಹಾಲಿಯೂ ಇಂಥದೇ.

ನಿಹಾಲಿಯನ್ನಾಡುವವರು ಕೆಲವೇ ಸಾವಿರ ಜನ. ಅವರು ಬಹುಕಾಲದಿಂದ ಕೊರ್ಕು ಜನರ ನೆರೆಯಲ್ಲಿದ್ದು ಅವರ ಹೊಲಗಳಲ್ಲಿ ದುಡಿದವರಾದ್ದರಿಂದ, ಮುಂಡಾ ಕುಟುಂಬಕ್ಕೆ ಸೇರಿದ ಕೊರ್ಕು ಭಾಷೆಯ ಪದಗಳು ನಿಹಾಲಿಯಲ್ಲಿ ಹೇರಳವಾಗಿ ಸೇರಿಕೊಂಡಿವೆ. ಎರಡು, ಮೂರು, ನಾಲ್ಕು ಎಂಬುದಕ್ಕೆ ಅಲ್ಲಿರುವ ಇರಾರ್, ಮೋಥೋ, ನಾಲೋ ಎಂಬ ಪದಗಳಲ್ಲಿ ದ್ರಾವಿಡದ ಗುರುತನ್ನು ಕನ್ನಡಿಗರು ಸುಲಭವಾಗಿ ಕಾಣಬಲ್ಲರು. ಐದರಿಂದ ಮುಂದಿನವು ಆರ್ಯ ಭಾಷೆಗಳಿಂದ ಬಂದವು. ಆದರೆ ಒಂದು ಎಂಬುದಕ್ಕಿರುವ ಬಿಡುಂ ಎಂಬ ಪದಕ್ಕೆ ಈ ಮೂರರಲ್ಲೂ ಒಪ್ಪಿತವಾದ ಮೂಲ ಸಿಕ್ಕಿಲ್ಲ.

ಗ್ರಿಯರ್ಸನ್ ನೇತೃತ್ವದ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟವನ್ನು 1906ರಲ್ಲಿ ಸಿದ್ಧಪಡಿಸಿದ ಸ್ಟೆನ್ ಕೊನೊ, ನಿಹಾಲಿಯನ್ನು ಕೊರ್ಕುವಿನ ಜೊತೆಗಿರಿಸಿ, ಅದು ಮೊದಲು ದ್ರಾವಿಡದ, ಆಮೇಲೆ ಆರ್ಯ ಭಾಷೆಗಳ ಪ್ರಭಾವಕ್ಕೆ ಒಳಗಾದ ಮುಂಡಾ ಭಾಷೆಯೆಂದು ಭಾವಿಸಿದನು. ಎರವಲು ಪದಗಳನ್ನೇ ಎಣಿಸಿದರೆ ಈ ತೀರ್ಮಾನ ಸಹಜವಾಗಿ ತೋರುತ್ತದೆ. ಎಣಿಕೆಗೆ ಸಿಗದೆ ಉಳಿದ ಪದಗಳತ್ತ ಗಮನ ಹರಿಯಲು ಅರ್ಧ ಶತಮಾನವೇ ಬೇಕಾಯಿತು. ಸುಧಿಭೂಷಣ ಭಟ್ಟಾಚಾರ್ಯರು 1957ರಲ್ಲಿ ಪ್ರಕಟಿಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಆಧರಿಸಿ, ಡಚ್ ವಿದ್ವಾಂಸ ಕೈಪರ್ 1962ರಲ್ಲಿ ನಿಹಾಲಿಯ ಪದಗಳನ್ನು ಒಂದೊಂದಾಗಿ ಸೋಸಿ ನೋಡಿದಾಗ, ಸುಮಾರು ಕಾಲುಭಾಗಕ್ಕೆ ಎಲ್ಲಿಯೂ ಸಂಬಂಧ ಕಾಣಲಿಲ್ಲ. ನೀರಿಗಿರುವ ಜೊಪ್ಪೊ ಎಂಬಂಥ ದಿನಬಳಕೆಯ ಪದಗಳೂ ಈ ಉಳಿಕೆಯಲ್ಲಿರುವುದು ಗಮನಾರ್ಹ, ಏಕೆಂದರೆ ಭಾಷೆಯೊಂದು ಇಂಥ ಪದಗಳನ್ನು ಸಾಮಾನ್ಯವಾಗಿ ಬೇಗ ಎರವಲು ತರುವುದಿಲ್ಲ. ಆದರೂ ಕೈಪರ್ ಆತುರಪಡದೆ, ಹೊರಗಿನವರಿಗೆ ತಿಳಿಯದಂತೆ ಗುಂಪೊಂದು ಕಟ್ಟಿಕೊಂಡ ಗುಟ್ಟಿನ ಮಾತು ಇದಾಗಿರಬಹುದೇ ಎಂಬ ಪ್ರಶ್ನೆಯನ್ನೂ ಎತ್ತಿದನು. ಪ್ರತಿಕೂಲವಾದ ಸಾಧ್ಯತೆಯನ್ನು ಮುಚ್ಚಿಡದ ಈ ಪ್ರಾಮಾಣಿಕತೆಯಿಂದಲೇ ಅವನ ಪುಸ್ತಕ ಇಂದಿಗೂ ಬೆಲೆಯುಳ್ಳದ್ದಾಗಿದೆ.

ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯು 2014ರಲ್ಲಿ ಕೆ. ಎಸ್. ನಾಗರಾಜ ಅವರು ರಚಿಸಿದ ನಿಹಾಲಿ ಭಾಷೆಯ ಗ್ರಂಥವನ್ನು ಹೊರತಂದಿದ್ದರಿಂದ, ಬಿಡಿ ಪದಗಳ ಜೊತೆಗೆ ಅದರ ವ್ಯಾಕರಣ ಮತ್ತು ಪಠ್ಯಗಳೂ ಒಂದೆಡೆ ದೊರೆಯುವಂತಾಯಿತು. ನಿಹಾಲಿಯ ಮೂಲ ಇನ್ನೂ ಗೊತ್ತಾಗಿಲ್ಲ. ಅದನ್ನಾಡುವವರು ಕೊರ್ಕು, ಮರಾಠಿ, ಹಿಂದಿಗಳ ನಡುವೆ ಬದುಕುತ್ತಿರುವಾಗ, ಎಲ್ಲಿಯೂ ಹೋಲಿಕೆಯಿಲ್ಲದ ಆ ಕಾಲುಭಾಗವನ್ನು ಅವರ ಬಾಯಿಂದಲೇ ಪೂರ್ತಿಯಾಗಿ ದಾಖಲಿಸುವುದು ಮೂಲದ ಚರ್ಚೆಗಿಂತ ಮೊದಲು ಆಗಬೇಕಾದ ಕೆಲಸ.