ಬೂದಿ ಯಾರ ಅಂಗಳಕ್ಕೆ?

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾನು ವಿಜ್ಞಾನ ಓದಿದವನಲ್ಲ. ಬಿ.ಎ. ಮಾಡಿದವನು, ಅಷ್ಟಿಷ್ಟು ಪದ್ಯ ಬರೆಯೋನು. ಇವನ್ಯಾಕೆ ಅಣುವಿನ ಬೂದಿ ಬಗ್ಗೆ ಮಾತಾಡ್ತಾನೆ ಅಂತ ಹಿಂದಿನ ಸಾಲಿನ ಸೈನ್ಸ್ ಹುಡುಗರು ಗುಸುಗುಸು ಮಾಡ್ತಿದಾರೆ. ಮಾಡಲಿ. ತಪ್ಪಾಡಿದರೆ ಎದ್ದು ನಿಂತು ತಿದ್ದಲಿ. ಆದರೆ ಕಸ ಅಂದ್ರೇನು, ಅದನ್ನು ಯಾರ ತಲೆ ಮೇಲೆ ಹೊರಿಸ್ತಾರೆ ಅನ್ನೋ ಪಾಠಕ್ಕೆ ನಮಗೆ ಡಿಗ್ರಿ ಬೇಕಾಗಿಲ್ಲ. ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ 1970ರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು. ದೇಶಕ್ಕೆ ಒಂದು ಕಾನೂನು 1993ರಲ್ಲಿ ಬಂತು, ಇನ್ನೊಂದು 2013ರಲ್ಲಿ ಬಂತು. ಆದರೂ ಗುಂಡಿಗೆ ಇಳಿದು ಸಾಯುವವರು ನಮ್ಮವರೇ. ಅದಕ್ಕೇ ಎಲ್ಲಿ ಕಸದ ಮಾತು ಬಂದರೂ ನಮ್ಮ ಕಿವಿ ನೆಟ್ಟಗಾಗಬೇಕು.

ಮೊದಲು ವಿಷಯ ತಿಳಿಯೋಣ. ನಮ್ಮ ಕೈಗಾದಂಥ ಸ್ಥಾವರದಲ್ಲಿ ಉರಿಯೋದು ಯುರೇನಿಯಂ. ಅರ್ಧ ಮೀಟರ್ ಉದ್ದದ ಕಟ್ಟುಗಳು. ಆ ಯುರೇನಿಯಂ ಎಲ್ಲಿಂದ ಬರುತ್ತೆ? ಜಾರ್ಖಂಡದ ಜಾದೂಗೂಡದಲ್ಲಿ 1960ರ ದಶಕದಿಂದ ಆದಿವಾಸಿಗಳ ನೆಲ ಅಗೆದು ತೆಗೆದಿದ್ದಾರೆ. ಮೊದಲ ಹೆಜ್ಜೆಯೇ ಯಾರ ಅಂಗಳದಲ್ಲಿ ಅಂತ ನೋಡ್ಕೊಳ್ಳಿ.

ಉರಿದ ಕಟ್ಟನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ಇಡ್ತಾರೆ. ಉರಿ ನಿಂತರೂ ಬಿಸಿ ನಿಲ್ಲಲ್ಲ, ವಿಕಿರಣವೂ ನಿಲ್ಲಲ್ಲ. ಆಮೇಲೆ ಅದನ್ನು ತುಂಡು ಮಾಡಿ ನೈಟ್ರಿಕ್ ಆಮ್ಲದಲ್ಲಿ ಕರಗಿಸ್ತಾರೆ. ಸೀಮೆಎಣ್ಣೆ ಜಾತಿಯ ಎಣ್ಣೆಯಲ್ಲಿ ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿ ಆ ದ್ರಾವಣದ ಜೊತೆ ಕಲಕಿದರೆ, ಯುರೇನಿಯಂ ಮತ್ತು ಪ್ಲುಟೋನಿಯಂ ಎಣ್ಣೆಗೆ ಹೋಗ್ತವೆ, ಉಳಿದದ್ದು ಆಮ್ಲದ ನೀರಲ್ಲೇ ನಿಲ್ಲುತ್ತೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ. ನಮ್ಮ ದೇಶ ಈ ಕೆಲಸವನ್ನು ಟ್ರಾಂಬೆಯಲ್ಲಿ 1964ರಲ್ಲೇ ಶುರು ಮಾಡಿತು. ಬೆಣ್ಣೆಯ ಸುದ್ದಿ ಎಲ್ಲರೂ ಹೇಳ್ತಾರೆ, ಪ್ಲುಟೋನಿಯಂ ಬಾಂಬಿಗೂ ಆಗುತ್ತೆ, ಇಂಧನಕ್ಕೂ ಆಗುತ್ತೆ. ನಾನು ಹೇಳೋದು ಮಜ್ಜಿಗೆಯ ಸುದ್ದಿ. ಸೀಸಿಯಂ, ಸ್ಟ್ರಾಂಶಿಯಂ ಎಲ್ಲ ಉಳಿಯೋದು ಅದರಲ್ಲೇ. ಅಳತೆಯಲ್ಲಿ ಸ್ವಲ್ಪ, ವಿಷದಲ್ಲಿ ಹೆಚ್ಚುಕಡಿಮೆ ಎಲ್ಲಾ.

ಆ ಮಜ್ಜಿಗೆ ತಾನೇ ಕಾಯುತ್ತೆ. ತೊಟ್ಟಿಯನ್ನು ಸದಾ ತಂಪು ಮಾಡ್ತಾ ಇರಬೇಕು. ಸೋವಿಯತ್ ದೇಶದ ಯೂರಲ್ ಪ್ರಾಂತ್ಯದ ಮಾಯಾಕ್ ಕಾರ್ಖಾನೆಯಲ್ಲಿ ಒಂದು ತೊಟ್ಟಿಯ ತಂಪು ನಿಂತುಹೋಯಿತು. ನೀರು ಆರಿ, ಉಪ್ಪು ಒಣಗಿ, 1957ರ ಸೆಪ್ಟೆಂಬರ್ 29ರಂದು ಸಿಡಿಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಆಮೇಲೆ ಊರು ಬಿಡಿಸಿದರು. ತುಂಬಾ ಜನಕ್ಕೆ ಯಾಕೆ ಅಂತಲೂ ಹೇಳಲಿಲ್ಲ. ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡದ್ದು 1989ರಲ್ಲಿ. ಕಾರ್ಮಿಕರ ರಾಜ್ಯ ಅಂತ ಬೋರ್ಡು ಹಾಕಿಕೊಂಡ ದೇಶದ ಕಥೆ ಇದು. ಬೋರ್ಡು ನೋಡಿ ನಂಬಬೇಡಿ ಅನ್ನೋದಕ್ಕೆ ಹೇಳಿದೆ.

ಹಾಗಾಗಿ ಎಂಜಿನಿಯರುಗಳು ಆ ನೀರನ್ನು ಗಾಜು ಮಾಡುವ ವಿದ್ಯೆ ಕಲಿತರು. ಬೋರೋಸಿಲಿಕೇಟ್ ಗಾಜಿನ ಜೊತೆ ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗೆ ಹೊಯ್ದು ಬಾಯಿ ಬೆಸೀತಾರೆ. ಗಾಜು ಸುಲಭಕ್ಕೆ ನೀರಿಗೆ ಕರಗಲ್ಲ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ಆಗುತ್ತೆ. ಇದು ಒಳ್ಳೆ ವಿದ್ಯೆ. ಒಳ್ಳೇದನ್ನು ಒಳ್ಳೇದು ಅನ್ನೋಣ.

ಆದರೆ ಎಷ್ಟು ದಿನ ಕಾಯಬೇಕು? ಸೀಸಿಯಂ ಮೂವತ್ತು ವರ್ಷಕ್ಕೆ ಅರ್ಧ ಆಗುತ್ತೆ. ಮುನ್ನೂರು ವರ್ಷಕ್ಕೆ ಸಾವಿರದಲ್ಲೊಂದು ಪಾಲು. ಪ್ಲುಟೋನಿಯಂ 239 ಅರ್ಧ ಆಗೋಕೆ 24,000 ವರ್ಷ ಬೇಕು, ಅದರ ಚೂರುಪಾರು ಆ ಗಾಜಲ್ಲೂ ಉಳಿದಿರುತ್ತೆ. ಮಸ್ಕಿಯ ಬಂಡೆ ಮೇಲೆ ಅಶೋಕ ಬರೆಸಿ ಎರಡು ಸಾವಿರದ ಇನ್ನೂರು ವರ್ಷ ದಾಟಿದೆ. ನಡುವೆ ಆ ಲಿಪಿಯನ್ನೇ ಜನ ಮರೆತರು. 1915ರಲ್ಲಿ ಒಬ್ಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಹಾಗಾದ್ರೆ 'ಇಲ್ಲಿ ಅಗೆಯಬೇಡಿ' ಅಂತ ಇವತ್ತು ಬರೆದರೆ, ಅದರ ಹತ್ತು ಪಟ್ಟು ದೂರದ ಮಗು ಯಾವ ಲಿಪಿಯಲ್ಲಿ ಓದುತ್ತೆ? ಪದ್ಯ ಬರೆಯೋನಿಗೆ ಇದು ನಿದ್ದೆಗೆಡಿಸುವ ಪ್ರಶ್ನೆ.

ಅದಕ್ಕೆ ಭೂಮಿಯ ಆಳದ ಗಟ್ಟಿ ಬಂಡೆಯಲ್ಲಿ ಹೂಳಬೇಕು ಅಂತಾರೆ. ಬಂಡೆ ಆ ಬಿಸಿ ತಡೆಯುತ್ತಾ ಅಂತ ನೋಡೋಕೆ ನಮ್ಮ ವಿಜ್ಞಾನಿಗಳು ಹೋದದ್ದೆಲ್ಲಿಗೆ ಗೊತ್ತಾ? ಕೋಲಾರದ ಚಿನ್ನದ ಗಣಿಗೆ. 1980ರ ದಶಕದಲ್ಲಿ, ಕೆಲಸ ನಿಂತ ಒಂದು ಭಾಗದಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ ಹೀಟರ್ ಇಟ್ಟು ಬಂಡೆ ಕಾಯಿಸಿ ವರ್ಷಗಟ್ಟಲೆ ಅಳೆದರು. ವಿಕಿರಣದ ಕಸ ಇಡಲಿಲ್ಲ. ಬರೀ ಬಿಸಿ. ಇದನ್ನು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ನಮ್ಮ ಮಾತಿಗೆ ಬೆಲೆ ಇರಲ್ಲ.

ಆದರೆ ಆ ಆಳ ಯಾರು ತೋಡಿದ್ದು? 1880ರಿಂದ ಬ್ರಿಟಿಷ್ ಕಂಪನಿಗಾಗಿ ಆ ಕತ್ತಲೆಗೆ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯ ಜನ. ಮೂರು ಕಿಲೋಮೀಟರಿಗೂ ಆಳ ಹೋದರು. ರಾಕ್ ಬರ್ಸ್ಟ್‌ನಲ್ಲಿ ಬಂಡೆ ಸಿಡಿದು ಸತ್ತರು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಲ್ಲಿ ಸತ್ತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಗುಡ್ಡ ಉಳಿಯಿತು. ಗಾಳಿ ಬೀಸಿದರೆ ಆ ಧೂಳು ಊರ ಮೇಲೆ.

2012ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ನಡೀತಿದ್ದಾಗ, ಕಸ ಹೂಳುವ ಜಾಗ ಅಂತ ಇದೇ ಗಣಿಯ ಹೆಸರು ಬಂತು. ಕೋಲಾರದ ಜನ ಬೀದಿಗಿಳಿದರು. ಆಮೇಲೆ ಸರ್ಕಾರದ ಕಡೆಯವರು ಅಂಥ ಯೋಜನೆ ಇಲ್ಲ ಅಂದರು. ಇಲ್ಲ ಅಂದದ್ದು ಸಂತೋಷ. ಆದರೆ ಹೆಸರು ಹೇಳೋ ಮುಂಚೆ ಆ ಊರನ್ನು ಯಾರು ಕೇಳಿದ್ದರು?

ಫಿನ್ಲೆಂಡ್ ದೇಶದಲ್ಲಿ ಕೇಳಿದರು. ಅಲ್ಲಿ ಓಲ್ಕಿಲುಓಟೊ ಅನ್ನೋ ಕಡೆ ನಾನೂರು ಮೀಟರಿಗೂ ಆಳದ ಬಂಡೆಯಲ್ಲಿ ಇಂಥದ್ದೇ ಜಾಗ ಕಟ್ಟಿದ್ದಾರೆ. ಬೇಡ ಅನ್ನುವ ಹಕ್ಕು ಆ ಊರಿನ ಆಡಳಿತಕ್ಕೆ ಕಾನೂನಿನಲ್ಲೇ ಇತ್ತು. ಅವರು ಒಪ್ಪಿದ ಮೇಲೇ 2001ರಲ್ಲಿ ಪಾರ್ಲಿಮೆಂಟು ಒಪ್ಪಿತು. ಬಂಡೆ ಅಲ್ಲೂ ಗಟ್ಟಿ, ಇಲ್ಲೂ ಗಟ್ಟಿ. ವ್ಯತ್ಯಾಸ ಬಂಡೆಯದ್ದಲ್ಲ. ಬೇಡ ಅನ್ನುವ ಹಕ್ಕಿನದ್ದು.

ಇನ್ನೊಂದು ಮಾತು. ನಮ್ಮನ್ನು ಮೈಲಿಗೆ ಅಂದರಲ್ಲ, ಆ ಮೈಲಿಗೆಯನ್ನು ಅಳೆಯುವ ಯಂತ್ರ ಯಾವುದಾದರೂ ಇದೆಯಾ? ಗೈಗರ್ ಕೌಂಟರ್ ಹಿಡಿದು ಅಗ್ರಹಾರಕ್ಕೂ ಹೋಗಿ, ಹಟ್ಟಿಗೂ ಹೋಗಿ. ಅದು ಜಾತಿ ಕೇಳಲ್ಲ, ಇದ್ದದ್ದನ್ನು ಇದ್ದ ಹಾಗೆ ಟಿಕ್ ಟಿಕ್ ಅನ್ನುತ್ತೆ. ಅದಕ್ಕೇ ನನಗೆ ವಿಜ್ಞಾನದ ಮೇಲೆ ಸಿಟ್ಟಿಲ್ಲ. ಆ ಯಂತ್ರ ಯಾರ ಕೈಲಿದೆ, ಬಕೆಟ್ಟು ಯಾರ ಕೈಲಿದೆ ಅನ್ನೋದರ ಮೇಲೆ ಸಿಟ್ಟು.

ಕರೆಂಟು ಬೇಡ ಅಂತ ನಾನು ಹೇಳ್ತಿಲ್ಲ. ಈ ಬಲ್ಬಿನ ಕೆಳಗೇ ನೀವೆಲ್ಲ ಓದ್ತಿದೀರಿ. ನಾನು ಕೇಳೋದಿಷ್ಟೆ. ಸೈನ್ಸ್ ಹುಡುಗರೇ, ಹುಡುಗಿಯರೇ, ಆಮ್ಲ, ಗಾಜು, ಬಂಡೆ ಇವುಗಳ ವಿದ್ಯೆ ಕಲಿಯಿರಿ. ಕಲಿತು ಲೆಕ್ಕ ಬರೆಯುವ ಮೇಜಿನ ಹತ್ತಿರ ಕೂತ್ಕೊಳ್ಳಿ. ಆರ್ಟ್ಸ್ ಓದೋರೇ, ಕಾನೂನು ಓದಿ, ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಕಂಟ್ರಾಕ್ಟ್ ಕೂಲಿಯವನ ಮೈಗೆ ಎಷ್ಟು ವಿಕಿರಣ ತಾಗಿತು ಅನ್ನೋ ಲೆಕ್ಕ ಅವನ ಕೈಗೇ ಸಿಗುತ್ತಾ ಅಂತ ಕೇಳಿ. ಊರಿಗೆ ಹೋದಾಗ ಅವ್ವಂಗೆ, ಅಪ್ಪಂಗೆ ಅರ್ಥ ಆಗೋ ಮಾತಲ್ಲಿ ಇದನ್ನೆಲ್ಲ ಹೇಳಿ.

ಗುಂಡಿ ತೋಡುವಾಗ ನಮ್ಮನ್ನು ಕರೀತಾರೆ. ಗುಂಡಿಗೆ ಏನು ಹಾಕಬೇಕು ಅಂತ ತೀರ್ಮಾನ ಆಗುವಾಗಲೂ ನಾವು ಅಲ್ಲಿರಬೇಕು.

ಜೈ ಭೀಮ್.